ಸೊಂಟದ ಕೀಲು ಬದಲಿಸಿದ ಮೇಲೆ ದಿನಚರಿ ಮತ್ತು ಬಾರದ ನಿದ್ದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಳೆದ ವರ್ಷ ಫೆಬ್ರವರಿಯಲ್ಲಿ ನನ್ನ ಎಡ ಸೊಂಟದ ಕೀಲು ಬದಲಿಸಿದರು. ಆಗ ನನಗೆ 61 ವರ್ಷ. ಕೀಲು ಎಷ್ಟು ಸವೆದಿತ್ತೆಂದರೆ ಹಾಲಿನ ಪ್ಯಾಕೆಟ್ ತರಲು ಗೇಟಿನವರೆಗೆ ಹೋಗುವುದೂ ಕಷ್ಟವಾಗಿತ್ತು. ಈಗ ದಿನಾ ಬೆಳಿಗ್ಗೆ ಕೋಲಿಲ್ಲದೆ ಕೆರೆ ಏರಿ ಮೇಲೆ ನಡೆಯುತ್ತೇನೆ. ಹಾಗಾಗಿ ನೆಂಟರಿಷ್ಟರಲ್ಲಿ ಯಾರಿಗೆ ಈ ಆಪರೇಷನ್ ಆದರೂ ಫೋನ್ ನನಗೇ ಬರುತ್ತದೆ. ಮೊದಲ ವಾರ ಎಲ್ಲರೂ ನಡಿಗೆಯ ಬಗ್ಗೆ ಕೇಳುತ್ತಾರೆ. ಎರಡನೇ ವಾರದಿಂದ ಒಂದೇ ಮಾತು: "ಅಕ್ಕಾ, ರಾತ್ರಿ ಕಣ್ಣು ಮುಚ್ಚೋಕೆ ಆಗ್ತಿಲ್ಲ."

ನಾನು ಡಾಕ್ಟರಲ್ಲ. ನನ್ನ ಡಾಕ್ಟರು ಮತ್ತು ಫಿಸಿಯೋ ಮೇಡಂ ಹೇಳಿಕೊಟ್ಟದ್ದು, ಓದಿ ತಿಳಿದದ್ದು, ಮೈಮೇಲೆ ಬಂದು ಕಲಿತದ್ದು ಇಲ್ಲಿದೆ. ನಿಮ್ಮ ಡಾಕ್ಟರು ಬೇರೆ ಹೇಳಿದ್ದರೆ ಅವರ ಮಾತೇ ನಡೆಯಲಿ.

ಆಪರೇಷನ್ ಚೆನ್ನಾಗಿ ಆಗಿದೆ ಅಂತಾರೆ. ಮತ್ತೆ ನಿದ್ದೆ ಯಾಕೆ ಬರುತ್ತಿಲ್ಲ?

ಎಲ್ಲಕ್ಕಿಂತ ಮೊದಲು ಈ ಪ್ರಶ್ನೆಗೆ ಉತ್ತರ ಸಿಗಬೇಕಿತ್ತು ಅನಿಸುತ್ತದೆ. ನಾನು ಡಿಸ್ಚಾರ್ಜ್ ಆದಾಗ ಕೈಗೆ ಕೊಟ್ಟ ಹಾಳೆಯಲ್ಲಿ ಡ್ರೆಸ್ಸಿಂಗ್, ಮಾತ್ರೆ, ವ್ಯಾಯಾಮ ಎಲ್ಲ ಇತ್ತು, ನಿದ್ದೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಹಾಗಾಗಿ ನಿದ್ದೆ ಕೆಟ್ಟಾಗ ಆಪರೇಷನ್ನೇ ಕೆಟ್ಟಿತೇನೋ ಎಂದು ಹೆದರಿದೆ. ಅದು ಸುಳ್ಳು ಹೆದರಿಕೆ. ಈ ಆಪರೇಷನ್ ಆದ ಬಹಳ ಜನರಿಗೆ ಮೊದಲ ಕೆಲವು ವಾರ ನಿದ್ದೆ ಕೆಡುತ್ತದೆ.

ಕಾರಣ ಒಂದಲ್ಲ. ತೊಡೆಮೂಳೆಯ ತಲೆಯನ್ನು ಕತ್ತರಿಸಿ ತೆಗೆದು, ಮೂಳೆಯೊಳಗೆ ಲೋಹದ ಕಾಂಡ ಇಳಿಸಿ, ಸೊಂಟದ ಬಟ್ಟಲಿಗೆ ಹೊಸ ಬಟ್ಟಲು ಕೂರಿಸಿರುತ್ತಾರೆ. ಸುತ್ತಲಿನ ಸ್ನಾಯುಗಳು ಊದಿಕೊಂಡಿರುತ್ತವೆ. ಹಗಲು ಜನ, ಮಾತು, ನಡಿಗೆಯಲ್ಲಿ ಮರೆತ ನೋವು ಮನೆ ನಿಶ್ಶಬ್ದವಾದಾಗ ಎದ್ದು ಕಾಣುತ್ತದೆ. ಅಂಗಾತ ಮಲಗಿ ಅಭ್ಯಾಸವಿಲ್ಲದವರಿಗೆ ಇಡೀ ರಾತ್ರಿ ಅದೇ ಭಂಗಿ. ಟ್ರಮಡಾಲ್‌ನಂಥ ಗಟ್ಟಿ ನೋವಿನ ಮಾತ್ರೆ ತೂಕಡಿಕೆ ತರುತ್ತದೆಯೇ ಹೊರತು ಗಾಢ ನಿದ್ದೆ ಕೊಡುವುದಿಲ್ಲ. ಆಸ್ಪತ್ರೆಯಲ್ಲಿ ಬಿಪಿ ನೋಡಲು, ಇಂಜೆಕ್ಷನ್ ಕೊಡಲು ಮಧ್ಯರಾತ್ರಿ ಎಬ್ಬಿಸಿ ಎಬ್ಬಿಸಿ ದೇಹದ ಗಡಿಯಾರವೇ ತಪ್ಪಿರುತ್ತದೆ. ಮನೆಗೆ ಬಂದ ಮೇಲೆ ಹಗಲೆಲ್ಲ ಹಾಸಿಗೆಯಲ್ಲಿ ಕಳೆದರೆ ಆ ಗಡಿಯಾರ ಸರಿಹೋಗುವುದಿಲ್ಲ. ರಾತ್ರಿಯ ನಿದ್ದೆಗೆ ಹಗಲಿನಲ್ಲೇ ತಯಾರಿ ಮಾಡಬೇಕು. ನಾನು ತಡವಾಗಿ ಕಲಿತದ್ದು ಇದೇ, ಫೋನ್ ಮಾಡಿದವರಿಗೆಲ್ಲ ಹೇಳುವುದೂ ಇದೇ.

ಎಷ್ಟು ದಿನ ಹೀಗೆ?

ಒಬ್ಬೊಬ್ಬರಿಗೆ ಒಂದೊಂದು ಥರ. ಸಾಮಾನ್ಯವಾಗಿ ನಾಲ್ಕನೇ ವಾರದಿಂದ ಸುಧಾರಿಸುತ್ತಾ ಬಂದು ಮೂರು ತಿಂಗಳೊಳಗೆ ಹೆಚ್ಚಿನವರು ಮೊದಲಿನಂತೆ ಮಲಗುತ್ತಾರೆ. ನನಗೆ ಆರನೇ ವಾರದಲ್ಲಿ ಮೊದಲ ಸಲ ಒಂದೇ ಬೀಸಿಗೆ ಐದು ಗಂಟೆ ನಿದ್ದೆ ಬಂತು. ಆಪರೇಷನ್‌ಗೆ ಮುಂಚೆ ಎರಡು ವರ್ಷ ಸವೆದ ಕೀಲಿನ ನೋವಿನಿಂದ ಅಷ್ಟು ಹೊತ್ತು ಮಲಗಿರಲಿಲ್ಲ. ಮೂರು ತಿಂಗಳಾದರೂ ಸರಿಹೋಗದಿದ್ದರೆ, ಅಥವಾ ನೋವು ಇಳಿಯುವ ಬದಲು ಏರುತ್ತಿದ್ದರೆ, ಕಾಯದೆ ಡಾಕ್ಟರಿಗೆ ತೋರಿಸಿ.

ಹೇಗೆ ಮಲಗಬೇಕು? ಮಗ್ಗುಲಾಗಬಹುದೇ?

ಮೊದಲು ಡಾಕ್ಟರನ್ನು ಒಂದು ಮಾತು ಕೇಳಿ: "ಹಿಂದಿನಿಂದ ಕೊಯ್ದಿರೋ, ಮುಂದಿನಿಂದಲೋ?" ಕೀಲು ಯಾವ ಭಂಗಿಯಲ್ಲಿ ಜಾರಬಹುದು ಎಂಬುದು ಅದರ ಮೇಲೆ ನಿಂತಿದೆ. ಹಿಂದಿನಿಂದ ಕೊಯ್ದಿದ್ದರೆ ಮೂರು ಕಟ್ಟುಪಾಡು: ಸೊಂಟ 90 ಡಿಗ್ರಿಗಿಂತ ಹೆಚ್ಚು ಬಾಗಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದದ ಬೆರಳು ಒಳಕ್ಕೆ ತಿರುಗಬಾರದು. ಮುಂದಿನಿಂದ ಕೊಯ್ದವರಿಗೆ ನಿರ್ಬಂಧ ಕಡಿಮೆ, ಆದರೆ ಅವರು ಕಾಲನ್ನು ಹಿಂದಕ್ಕೆ ಚಾಚಿ ಹೊರಕ್ಕೆ ತಿರುಗಿಸಬಾರದು. ಆರರಿಂದ ಹನ್ನೆರಡು ವಾರ ಇದನ್ನು ಪಾಲಿಸಲು ಹೇಳುತ್ತಾರೆ. ನಿದ್ದೆಯಲ್ಲೂ ಇದು ತಪ್ಪಬಾರದು.

ಆ ದಿನಗಳಲ್ಲಿ ಅಂಗಾತ ಮಲಗುವುದೇ ಕ್ಷೇಮ, ಎರಡು ತೊಡೆಯ ನಡುವೆ ದಿಂಬು ಇಟ್ಟುಕೊಂಡು. ಮಂಡಿಯ ಕೆಳಗೆ ದಿಂಬು ಇಟ್ಟರೆ ಹಿತವೆನಿಸುತ್ತದೆ, ಆದರೆ ಹಾಗೇ ರಾತ್ರಿಯಿಡೀ ಬಿಟ್ಟರೆ ಕೀಲು ಮಡಚಿದಂತೆಯೇ ಬಿಗಿದುಕೊಳ್ಳುತ್ತದೆ. ಊತ ಇಳಿಯಬೇಕೆಂದರೆ ದಿಂಬು ಮೀನಖಂಡದ ಕೆಳಗಿರಲಿ.

ಡಾಕ್ಟರು ಒಪ್ಪಿದ ಮೇಲೆ ಆಪರೇಷನ್ ಆಗದ ಮಗ್ಗುಲಿಗೆ ತಿರುಗಬಹುದು. ಆಗ ಒಂದು ಸಣ್ಣ ದಿಂಬು ಸಾಲದು. ತೊಡೆಯಿಂದ ಹರಡಿನವರೆಗೆ ಇಡೀ ಮೇಲಿನ ಕಾಲಿಗೆ ಆಸರೆ ಬೇಕು, ಇಲ್ಲದಿದ್ದರೆ ಮಂಡಿ ಮುಂದಕ್ಕೆ ಜೋತು ಸೊಂಟ ಒಳಕ್ಕೆ ತಿರುಗುತ್ತದೆ. ನಾನು ಎರಡು ಹತ್ತಿ ದಿಂಬನ್ನು ಉದ್ದಕ್ಕೆ ಸೇರಿಸಿ ಹಳೆ ಸೀರೆಯಲ್ಲಿ ಸುತ್ತಿ ಹೊಲಿಸಿಕೊಂಡಿದ್ದೆ. ರೇಷ್ಮೆಯಂಥ ನುಣುಪು ಕವರ್ ಬೇಡ, ಜಾರುತ್ತದೆ. ಆಪರೇಷನ್ ಆದ ಮಗ್ಗುಲಿಗೆ ಗಾಯ ಮಾಗಿದ ಮೇಲೆ, ಡಾಕ್ಟರು ಹೂಂ ಅಂದ ಮೇಲೆ ಮಾತ್ರ.

ಸ್ವಲ್ಪ ಗಟ್ಟಿಯಾದ ಹಾಸಿಗೆಯೇ ಒಳ್ಳೆಯದು. ಹೂತುಹೋಗುವಂಥ ಫೋಮ್‌ನಲ್ಲಿ ಏಳುವುದು ದೊಡ್ಡ ಸಾಹಸ.

ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿದ್ದರೆ?

ಹನ್ನೊಂದನೇ ರಾತ್ರಿ ನನಗಾದದ್ದು ಹೇಳುತ್ತೇನೆ. ಎಚ್ಚರವಾದಾಗ ಕಾಲ ನಡುವಿನ ದಿಂಬು ಕೆಳಗೆ ಬಿದ್ದಿತ್ತು. ನಮ್ಮ ಯಜಮಾನರು ಮಂಚದ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದ್ದರು, ಹಗಲೆಲ್ಲ ಓಡಾಡಿ ಸುಸ್ತಾಗಿ. ಎಬ್ಬಿಸುವುದೇಕೆ ಎಂದು ಮಂಚದ ಅಂಚಿಗೆ ಬಂದು ಕೈ ಚಾಚಿ ಬಗ್ಗಿದೆ. ಬೆರಳಿಗೆ ದಿಂಬಿನ ಮೂಲೆ ತಾಕಿತು. ಅಷ್ಟರಲ್ಲಿ ಸೊಂಟದ ಒಳಗೆ ಏನೋ ಸೆಳೆದಂತಾಗಿ ಮೈಯೆಲ್ಲ ತಣ್ಣಗೆ ಬೆವರಿತು. ಅಲ್ಲೇ ನಿಲ್ಲಿಸಿದೆ. ಪಕ್ಕದ ಸ್ಟೂಲ್ ಮೇಲಿದ್ದ ಸ್ಟೀಲ್ ಲೋಟವನ್ನು ಚಮಚದಿಂದ ಬಡಿದೆ. ಅವರು ದಡಬಡಿಸಿ ಎದ್ದರು. "ಒಂದು ಕೂಗು ಹಾಕೋಕೆ ಏನಾಗಿತ್ತು ನಿನಗೆ?" ಎಂದರು, ಅಷ್ಟೇ. ಕೀಲಿಗೆ ಏನೂ ಆಗಿರಲಿಲ್ಲ, ಆದರೆ ಆಗಬಹುದಿತ್ತು. ಅವತ್ತಿನಿಂದ ಲೋಟ, ಚಮಚ ನನ್ನ ಕರೆಗಂಟೆಯಾದವು. ದಯವಿಟ್ಟು ರಾತ್ರಿ ಯಾರನ್ನಾದರೂ ಎಬ್ಬಿಸಲು ಸಂಕೋಚಪಡಬೇಡಿ. ಕೀಲು ಜಾರಿದರೆ ಅದೇ ರಾತ್ರಿ ಇಡೀ ಮನೆಯೇ ಏಳಬೇಕಾಗುತ್ತದೆ.

ನಿದ್ದೆ ಬಾರದೆ ಇಪ್ಪತ್ತು ನಿಮಿಷದ ಮೇಲಾದರೆ ಹಾಸಿಗೆಯಲ್ಲಿ ಒದ್ದಾಡಬೇಡಿ. ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು, ತಲೆ ಸುತ್ತುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ವಾಕರ್ ಹಿಡಿದು ಎದ್ದು ಕುರ್ಚಿಯಲ್ಲಿ ಕೂರಿ. ಮಂದ ಬೆಳಕು ಸಾಕು. ಮೊಬೈಲ್ ಬೇಡ. ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಿ, ರಕ್ತ ಹರಿಯುತ್ತದೆ. ನಾನು ಬಾಯಿಪಾಠ ಬರುತ್ತಿದ್ದ ವಚನಗಳನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದೆ. ಕಣ್ಣು ಎಳೆದಾಗ ಹಾಸಿಗೆಗೆ ಮರಳುತ್ತಿದ್ದೆ. ಗಡಿಯಾರವನ್ನು ಗೋಡೆಯಿಂದ ತೆಗೆಸಿಬಿಟ್ಟಿದ್ದೆ. ಗಂಟೆ ಎಣಿಸುವುದು ನಿದ್ದೆಗೆ ಶತ್ರು.

ನಿದ್ದೆ ಮಾತ್ರೆ ತಗೊಳ್ಳಬಹುದೇ?

ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗಬೇಡಿ. ಪಕ್ಕದ ಮನೆಯವರ ಆಲ್ಪ್ರಾಜೋಲಮ್ ಅಂತೂ ಮುಟ್ಟಲೇಬೇಡಿ. ಟ್ರಮಡಾಲ್‌ನಂಥ ನೋವಿನ ಮಾತ್ರೆಯ ಜೊತೆ ಇಂಥ ಮಾತ್ರೆ ಸೇರಿದರೆ ಉಸಿರಾಟ ನಿಧಾನವಾಗುತ್ತದೆ, ಪ್ರಾಣಕ್ಕೇ ಅಪಾಯ. ಅಷ್ಟಾಗದಿದ್ದರೂ ಅರೆನಿದ್ದೆಯಲ್ಲಿ ಬಚ್ಚಲಿಗೆ ಹೋಗುವಾಗ ಬಿದ್ದರೆ ಹೊಸ ಕೀಲಿನ ಸುತ್ತಲ ಮೂಳೆಯೇ ಮುರಿಯಬಹುದು. ಮತ್ತೆ ಆಪರೇಷನ್, ಮೊದಲಿನದಕ್ಕಿಂತ ಕಷ್ಟದ್ದು. ನಿದ್ದೆ ಬರುತ್ತದೆಂದು ಶೀತದ, ಅಲರ್ಜಿಯ ಮಾತ್ರೆ ತಗೊಳ್ಳುವವರೂ ಇದ್ದಾರೆ. ವಯಸ್ಸಾದವರಿಗೆ ಅದರಿಂದ ತಲೆ ಗೊಂದಲ, ಮಲಬದ್ಧತೆ, ಮೂತ್ರ ಕಟ್ಟುವುದು ಎಲ್ಲ ಬರುತ್ತದೆ. ಒಂದು ಗುಟುಕು ಬ್ರಾಂದಿ ಎನ್ನುವವರ ಮಾತೂ ಕಿವಿಗೆ ಹಾಕಿಕೊಳ್ಳಬೇಡಿ.

ಆದರೆ ನಿದ್ದೆ ಇಲ್ಲ ಎಂದು ಡಾಕ್ಟರಿಗೆ ಹೇಳದೆ ಸುಮ್ಮನಿರುವುದೂ ತಪ್ಪು. ಎಷ್ಟೋ ಸಲ ನೋವಿನ ಮಾತ್ರೆಯ ಹೊತ್ತು ಬದಲಿಸಿದರೇ ಸಾಕಾಗುತ್ತದೆ. ನನಗೆ ಹಾಗೇ ಆಯಿತು.

ನೋವು ತಡೆದುಕೊಂಡು ನೋವಿನ ಮಾತ್ರೆ ಬಿಟ್ಟುಬಿಡಬಹುದೇ?

ನಮ್ಮಲ್ಲಿ ನೋವು ತಡೆದುಕೊಳ್ಳುವುದೇ ದೊಡ್ಡ ಗುಣ ಎಂದು ನಂಬಿದವರು ಬಹಳ. ನಾನೂ ಒಬ್ಬಳು. ಹಗಲು ತಡೆದುಕೊಂಡು ರಾತ್ರಿ ಹತ್ತಕ್ಕೆ ತಾಳಲಾರದೆ ಮಾತ್ರೆ ನುಂಗಿದರೆ, ಅದು ಕೆಲಸ ಶುರುಮಾಡುವಷ್ಟರಲ್ಲಿ ನಿದ್ದೆಯ ಹೊತ್ತು ದಾಟಿರುತ್ತದೆ. ಬರೆದುಕೊಟ್ಟ ಹೊತ್ತಿಗೆ ತಗೊಳ್ಳಿ. ರಾತ್ರಿಯ ಮಾತ್ರೆ ಮಲಗುವ ಅರ್ಧ ಮುಕ್ಕಾಲು ಗಂಟೆ ಮುಂಚೆ ಬರುವಂತೆ ಡಾಕ್ಟರ ಹತ್ತಿರ ಹೊಂದಿಸಿಕೊಳ್ಳಿ. ನೋವು ಕಡಿಮೆಯಾದಂತೆ ಅವರೇ ಒಂದೊಂದಾಗಿ ಇಳಿಸುತ್ತಾರೆ.

ಒಂದು ಎಚ್ಚರ ಮುಖ್ಯ. ಟ್ರಮಡಾಲ್ ಮಾತ್ರೆಗಳಲ್ಲಿ ಹಲವು ಪ್ಯಾರಸಿಟಮಾಲ್ ಸೇರಿಸಿ ಮಾಡಿದವು. ಅದರ ಜೊತೆಗೆ ಮತ್ತೆ ಡೋಲೋ ತಗೊಂಡರೆ ಲೆಕ್ಕ ದುಪ್ಪಟ್ಟಾಗುತ್ತದೆ. ಆರೋಗ್ಯವಂತ ದೊಡ್ಡವರಿಗೂ ಪ್ಯಾರಸಿಟಮಾಲ್ ದಿನಕ್ಕೆ 4 ಗ್ರಾಂ ಮೀರಬಾರದು. ವಯಸ್ಸಾದವರಿಗೆ, ಸಣಕಲು ಮೈಯವರಿಗೆ, ಲಿವರ್ ತೊಂದರೆ ಇದ್ದವರಿಗೆ ಇನ್ನೂ ಕಡಿಮೆ. ಸ್ಟ್ರಿಪ್ ತಿರುಗಿಸಿ ಓದಿ, ಓದಲು ಬಾರದಿದ್ದರೆ ಓದಿಸಿ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಹೊಟ್ಟೆಗೂ ಕಿಡ್ನಿಗೂ ಭಾರ, ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿರುವಾಗ ಕೇಳದೆ ಬೇಡ.

ಐಸ್ ಪ್ಯಾಕ್ ಸಹ ಒಳ್ಳೆಯ ಮದ್ದು. ಟವೆಲಿನಲ್ಲಿ ಸುತ್ತಿ, ಗಾಯ ಒದ್ದೆಯಾಗದಂತೆ, 15–20 ನಿಮಿಷ. ಮಲಗುವ ಮುಂಚೆ ಒಮ್ಮೆ ಇಟ್ಟರೆ ಬಿಸಿ ಇಳಿದು ಕಣ್ಣು ಹತ್ತುತ್ತದೆ.

ಹಗಲು ಮಲಗಬಹುದೇ? ಕಾಫಿ?

ಮಧ್ಯಾಹ್ನ ಅರ್ಧ ಗಂಟೆ, ಅದೂ ಮೂರು ಗಂಟೆ ಹೊಡೆಯುವ ಮುಂಚೆ. ಅದಕ್ಕಿಂತ ಹೆಚ್ಚು ಬೇಡ. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಎದ್ದು ಜಗುಲಿಯಲ್ಲೋ ಬಾಲ್ಕನಿಯಲ್ಲೋ ಬಿಸಿಲಿಗೆ ಕೂರಿ. ಹಗಲಲ್ಲಿ ಗಂಟೆಗೊಮ್ಮೆ ನಾಲ್ಕು ಹೆಜ್ಜೆ ನಡೆಯಿರಿ. ಒಂದೇ ಸಲ ಜಾಸ್ತಿ ನಡೆದರೆ ರಾತ್ರಿ ಕಾಲು ಸೇಡು ತೀರಿಸಿಕೊಳ್ಳುತ್ತದೆ, ಅದಕ್ಕೇ ಹಂಚಿ ನಡೆಯಿರಿ. ಫಿಲ್ಟರ್ ಕಾಫಿ ಬಿಡಿ ಎಂದರೆ ನಾನೇ ಕೇಳುವವಳಲ್ಲ, ಆದರೆ ಮಧ್ಯಾಹ್ನದ ಮೇಲೆ ಬೇಡ.

ನೀರು ಹಗಲು ಧಾರಾಳ ಕುಡಿದು ಮಲಗುವ ಎರಡು ಗಂಟೆ ಮುಂಚೆ ಕಡಿಮೆ ಮಾಡಿ. ರಾತ್ರಿ ಬಚ್ಚಲಿಗೆ ಹೋಗುವ ಕಷ್ಟಕ್ಕೆ ಹೆದರಿ ಇಡೀ ದಿನ ನೀರು ಬಿಡುವ ಹೆಂಗಸರನ್ನು ಕಂಡಿದ್ದೇನೆ. ಅದರಿಂದ ಉರಿಮೂತ್ರ, ಮಲಬದ್ಧತೆ ಶುರುವಾಗುತ್ತದೆ. ನೋವಿನ ಮಾತ್ರೆಗಳೇ ಹೊಟ್ಟೆ ಕಟ್ಟಿಸುತ್ತವೆ, ಕಟ್ಟಿದ ಹೊಟ್ಟೆಯಲ್ಲಿ ನಿದ್ದೆಯೂ ಇಲ್ಲ. ಪಪ್ಪಾಯಿ, ಸೊಪ್ಪು, ಬಾಳೆದಿಂಡಿನ ಪಲ್ಯ ಇರಲಿ. ಬೇಕಾದರೆ ಇಸಬಗೋಲ್. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ಕೊಟ್ಟಿದ್ದರೆ ಮಾತ್ರ ಸೊಪ್ಪಿನ ಅಳತೆ ಡಾಕ್ಟರನ್ನು ಕೇಳಿ.

ಮನೆಯಲ್ಲಿ ಏನೇನು ಬದಲಿಸಿಕೊಳ್ಳಬೇಕು?

ಆಪರೇಷನ್‌ಗೆ ಹೋಗುವ ಮುಂಚೆಯೇ ಮಾಡಿ. ಎಲ್ಲಕ್ಕಿಂತ ಮೊದಲು ಕಕ್ಕಸು. ನೆಲಮಟ್ಟದ ಇಂಡಿಯನ್ ಟಾಯ್ಲೆಟ್ ಸಾಧ್ಯವೇ ಇಲ್ಲ. ಕಮೋಡ್ ಇದ್ದರೂ ತಗ್ಗಾಗಿದ್ದರೆ ಮೇಲೆ ಕೂರಿಸುವ ಎತ್ತರದ ಸೀಟು ಸಿಗುತ್ತದೆ. ಹಳ್ಳಿಮನೆಯಲ್ಲಿ ಕಮೋಡ್ ಚೇರ್ ತಂದು ರಾತ್ರಿ ಮಂಚದ ಹತ್ತಿರವೇ ಇಡಿ. ಕೂತಾಗ ಮಂಡಿಗಿಂತ ಸೊಂಟ ಮೇಲಿರಬೇಕು. ಮಂಚ, ಕುರ್ಚಿ, ಕಮೋಡ್ ಎಲ್ಲಕ್ಕೂ ಇದೇ ಅಳತೆ. ಕುರ್ಚಿಗೆ ಕೈಗಳಿರಬೇಕು. ಸೋಫಾ ಸದ್ಯಕ್ಕೆ ಮರೆತುಬಿಡಿ.

ಮಂಚದಿಂದ ಬಚ್ಚಲಿನವರೆಗಿನ ದಾರಿಯನ್ನು ರಾತ್ರಿಯ ಕಣ್ಣಿನಿಂದ ನೋಡಿ. ಕಾಲೊರಸು, ಚಾಪೆ, ಮೊಬೈಲ್ ಚಾರ್ಜರ್ ವೈರು, ಮೊಮ್ಮಗನ ಆಟಿಕೆ ಎಲ್ಲ ತೆಗೆಸಿ. ಹಳೆ ಮನೆಗಳ ಹೊಸಿಲು ವಾಕರ್‌ಗೆ ದೊಡ್ಡ ಅಡ್ಡಿ. ಬಾಗಿಲಿನ ಅಗಲದಲ್ಲಿ ವಾಕರ್ ತೂರುತ್ತದೋ ಎಂದು ಅಳೆದು ನೋಡಿ, ನಮ್ಮ ಬಚ್ಚಲಲ್ಲಿ ತೂರಲಿಲ್ಲ. ಗೋಡೆಗೆ ಕಬ್ಬಿಣದ ಹಿಡಿ ಹಾಕಿಸಿದೆವು. ಟವೆಲ್ ರಾಡ್ ಹಿಡಿದು ಏಳಬೇಡಿ, ಅದು ಕಿತ್ತು ಬರುತ್ತದೆ. ರಾತ್ರಿ ದೀಪ, ನೀರು, ಕನ್ನಡಕ, ಫೋನು ಕೈಗೆ ಸಿಗುವಲ್ಲಿರಲಿ.

ಸ್ನಾನ, ಬಟ್ಟೆ?

ಹೊಲಿಗೆ ಅಥವಾ ಪಿನ್ ತೆಗೆಯುವುದು ಸಾಮಾನ್ಯವಾಗಿ ಎರಡು ವಾರದ ಹೊತ್ತಿಗೆ. ಅಲ್ಲಿಯವರೆಗೆ ಡಾಕ್ಟರು ಹೇಳಿದಂತೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದೋ, ನೀರು ತಾಗದ ಡ್ರೆಸ್ಸಿಂಗ್ ಇದ್ದರೆ ಸ್ನಾನವೋ. ಎತ್ತರದ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತು, ಬಕೆಟ್ಟನ್ನು ಇನ್ನೊಂದು ಸ್ಟೂಲ್ ಮೇಲೆ ಇರಿಸಿ. ನೆಲದ ಮೇಲಿನ ಬಕೆಟ್ಟಿಗೆ ಬಗ್ಗಿ ನೀರು ಮೊಗೆಯುವುದರಲ್ಲೇ 90 ಡಿಗ್ರಿ ದಾಟಿಬಿಡುತ್ತದೆ. ಪಾದಕ್ಕೆ ಬೇರೆಯವರು ಸೋಪು ಹಚ್ಚಲಿ. ಬಟ್ಟೆ ಹಾಕುವಾಗ ಆಪರೇಷನ್ ಆದ ಕಾಲು ಮೊದಲು, ಬಿಚ್ಚುವಾಗ ಕೊನೆಗೆ. ಮೊದಲ ತಿಂಗಳು ಸೀರೆಗಿಂತ ನೈಟಿ, ಪಂಚೆಗಿಂತ ಸಡಿಲ ಪೈಜಾಮ ಸುರಕ್ಷಿತ, ನೆರಿಗೆ ಕಾಲಿಗೆ ಸಿಕ್ಕುವುದಿಲ್ಲ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಹಾಕಿ, ಹವಾಯಿ ಬೇಡ.

ಅಡುಗೆ, ರಂಗೋಲಿ, ದೇವರ ಪೂಜೆ?

ನಿಂತು ಮಾಡುವ ಅಡುಗೆ ಮೂರು ನಾಲ್ಕು ವಾರದಿಂದ ಸ್ವಲ್ಪ ಸ್ವಲ್ಪ. ನೆಲದ ಮೇಲಿನ ಈಳಿಗೆಮಣೆ ಬೇಡ. ದಿನಾ ಬೇಕಾದ ಡಬ್ಬಗಳನ್ನು ಸೊಂಟದ ಮಟ್ಟಕ್ಕೆ ತಂದಿಡಿ. ವಾಕರ್ ಹಿಡಿದವರ ಎರಡೂ ಕೈ ಕಟ್ಟಿಹಾಕಿದಂತೆ, ಸಾರಿನ ಪಾತ್ರೆ ಒಯ್ಯುವ ಸಾಹಸ ಬೇಡ. ರಂಗೋಲಿ ಸೊಸೆಗೋ ಮಗಳಿಗೋ ಬಿಡಿ, ಮಗನೂ ಕಲಿಯಲಿ. ಪೂಜೆ ಕುರ್ಚಿಯ ಮೇಲೆ ಕೂತು ಮಾಡಿದರೂ ಸಲ್ಲುತ್ತದೆ. ನಮ್ಮ ಅತ್ತೆಯವರು ಮಣೆ ಬಿಟ್ಟು ಕುರ್ಚಿಯೇ ಎಂದು ಮೊದಲು ಮುಖ ಸಣ್ಣ ಮಾಡಿದರು, ಒಂದು ವಾರದ ಮೇಲೆ ತಮಗೂ ಒಂದು ಕುರ್ಚಿ ಹಾಕಿಸಿಕೊಂಡರು.

ನೆಲದ ಮೇಲೆ ಯಾವಾಗ ಕೂರಬಹುದು?

ಮೊದಲ ಮೂರು ತಿಂಗಳು ಕೇಳಲೇಬೇಡಿ. ಆಮೇಲೂ ಚಕ್ಕಳಮಕ್ಕಳ, ಕುಕ್ಕರಗಾಲು, ಸಾಷ್ಟಾಂಗ ಇವನ್ನೆಲ್ಲ ಹಲವು ಡಾಕ್ಟರುಗಳು ಬಿಟ್ಟೇಬಿಡಿ ಅನ್ನುತ್ತಾರೆ. ಕೆಲವರು ಕೀಲಿನ ಬಗೆ, ಕೊಯ್ದ ರೀತಿ ನೋಡಿ ಒಪ್ಪುತ್ತಾರೆ. ನಿಮ್ಮ ಕೀಲು ಹಾಕಿದವರು ಹೇಳಿದ್ದೇ ಕೊನೆಯ ಮಾತು. ಮದುವೆಮನೆಯಲ್ಲಿ ಪಂಕ್ತಿ ಬಿಟ್ಟು ಟೇಬಲ್ ಊಟಕ್ಕೆ ಹೋಗುವುದರಲ್ಲಿ ನಾಚಿಕೆಯೇನಿಲ್ಲ.

ಮೆಟ್ಟಿಲು?

ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಫಿಸಿಯೋ ಜೊತೆಯಲ್ಲಿದ್ದಾಗ ಕಲಿಯಿರಿ.

ಎಣ್ಣೆ ಹಚ್ಚಿ ತಿಕ್ಕಿಸಬಹುದೇ?

ಊರಿನ ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಬೇಡ. ಗಾಯದ ಹತ್ತಿರ ಎಣ್ಣೆ, ಬಿಸಿ ಶಾಖ ಎರಡೂ ಸಲ್ಲ. ಇನ್ನೂ ಅಪಾಯದ್ದು ಮೀನಖಂಡ ತಿಕ್ಕುವುದು. ಈ ಆಪರೇಷನ್ ಆದ ಮೇಲೆ ಕಾಲಿನ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಇದೆ. ಅದಕ್ಕೇ ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಇಂಜೆಕ್ಷನ್ ಹಲವರಿಗೆ 35 ದಿನದವರೆಗೂ ಕೊಡುತ್ತಾರೆ. ಹೆಪ್ಪುಗಟ್ಟಿದ ಕಾಲನ್ನು ತಿಕ್ಕಿದರೆ ಆ ಗಂಟು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ನಿದ್ದೆ ಬರಲೆಂದು ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಯಾವುದು ಸಹಜ, ಯಾವುದಕ್ಕೆ ಓಡಬೇಕು?

ಸಂಜೆಗೆ ಕಾಲು ಊದಿ ಬೆಳಿಗ್ಗೆ ಇಳಿಯುವುದು, ನೀಲಿಗಟ್ಟಿದ ಬಣ್ಣ ಮಂಡಿಯವರೆಗೆ ಜಾರುವುದು, ಗಾಯದ ಪಕ್ಕ ಜೋಮು, ಒಂದು ಕಾಲು ಉದ್ದ ಅನಿಸುವುದು, ಆಗಾಗ ಟಕ್ ಎನ್ನುವ ಸದ್ದು ಮೊದಲ ತಿಂಗಳುಗಳಲ್ಲಿ ಸಾಮಾನ್ಯ. ಮುಂದಿನ ಭೇಟಿಯಲ್ಲಿ ಹೇಳಿದರೆ ಸಾಕು.

ಮೀನಖಂಡ ಗಟ್ಟಿಯಾಗಿ ನೋವು, ರಾತ್ರಿ ಕಳೆದರೂ ಇಳಿಯದ ಊತ, ಜ್ವರ ಚಳಿ, ಗಾಯದಿಂದ ಕೀವು ಅಥವಾ ನಿಲ್ಲದ ಸೋರಿಕೆ ಕಂಡರೆ ಅದೇ ದಿನ ತೋರಿಸಿ. ಏಕಾಏಕಿ ಉಸಿರು ಕಟ್ಟಿದರೆ, ಎದೆನೋವು ಬಂದರೆ, ಇಲ್ಲವೇ ತಟ್ಟನೆ ತಡೆಯಲಾರದ ನೋವು ಬಂದು ಕಾಲು ಗಿಡ್ಡವಾಗಿ ತಿರುಗಿ, ಊರಲಾಗದಿದ್ದರೆ 108ಕ್ಕೆ ಕರೆ ಮಾಡಿ. ಬೆಳಗಾಗಲಿ ಎಂದು ಕಾಯಬೇಡಿ.

ಅಪ್ಪ ಆಪರೇಷನ್ ಆದ ರಾತ್ರಿ ಏನೇನೋ ಮಾತಾಡಿದರು, ನಮ್ಮನ್ನೇ ಗುರುತಿಸಲಿಲ್ಲ. ಬುದ್ಧಿ ಕೆಟ್ಟಿತೇ?

ವಯಸ್ಸಾದವರಲ್ಲಿ ಇದು ಆಗುತ್ತದೆ, ಬಹುಪಾಲು ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ಆದರೆ ಡಾಕ್ಟರಿಗೆ ಕೂಡಲೇ ಹೇಳಿ. ಸೋಂಕು, ಸೋಡಿಯಂ ಇಳಿದಿರುವುದು, ಮೂತ್ರ ಕಟ್ಟಿರುವುದು, ಯಾವುದೋ ಮಾತ್ರೆ, ಹೀಗೆ ಹುಡುಕಿದರೆ ಕಾರಣ ಸಿಗುತ್ತದೆ. ಕನ್ನಡಕ, ಕಿವಿಯ ಮಿಷನ್ ಹಾಕಿಸಿ. ಹಗಲು ಕಿಟಕಿ ತೆರೆಯಿರಿ. ಪರಿಚಯದ ಮುಖ ಒಂದು ಸದಾ ಪಕ್ಕದಲ್ಲಿರಲಿ. "ಅಪ್ಪಾಜಿ, ನಾನು, ಆಸ್ಪತ್ರೇಲಿ ಇದ್ದೀವಿ, ಆಪರೇಷನ್ ಆಯ್ತು" ಎಂದು ಮೆಲ್ಲಗೆ ಮತ್ತೆ ಮತ್ತೆ ಹೇಳಿ. ವಾದ ಮಾಡಬೇಡಿ.

ಸುಮ್ಮಸುಮ್ಮನೆ ಅಳು ಬರುತ್ತದೆ. ಈ ಕೀಲು ಎಷ್ಟು ವರ್ಷ ಬಾಳುತ್ತದೋ ಎಂಬ ಚಿಂತೆ.

ಅಳು ನನಗೂ ಬಂತು, ಮೂರನೇ ವಾರದಲ್ಲಿ. ನಿದ್ದೆಗೆಟ್ಟ ಮನಸ್ಸಿಗೆ ಸಣ್ಣದೂ ದೊಡ್ಡದಾಗಿ ಕಾಣುತ್ತದೆ. ಯಾರ ಹತ್ತಿರವಾದರೂ ಬಾಯಿಬಿಟ್ಟು ಹೇಳಿ. ಎರಡು ವಾರ ಕಳೆದರೂ ಯಾವುದರಲ್ಲೂ ಆಸಕ್ತಿ ಇಲ್ಲದೆ ಊಟ ಸೇರದಿದ್ದರೆ ಡಾಕ್ಟರಿಗೆ ಹೇಳಲೇಬೇಕು, ಅದಕ್ಕೂ ಚಿಕಿತ್ಸೆ ಇದೆ. ಕರ್ನಾಟಕದಲ್ಲೂ ಸಿಗುವ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕೀಲಿನ ಬಾಳಿಕೆಯ ಬಗ್ಗೆ: ಇಂಗ್ಲೆಂಡಿನ ಸರ್ಜನ್ ಜಾನ್ ಚಾರ್ನ್ಲಿ 1962ರ ಹೊತ್ತಿಗೆ ಈಗಿನ ಮಾದರಿಗೆ ಬುನಾದಿ ಹಾಕಿದ ಮೇಲೆ ಲೋಕದಲ್ಲಿ ಲಕ್ಷಾಂತರ ಜನ ಇದರ ಮೇಲೆ ನಡೆದಿದ್ದಾರೆ. 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕದಂತೆ 25 ವರ್ಷ ದಾಟಿದ ಮೇಲೂ ನೂರರಲ್ಲಿ ಸುಮಾರು 58 ಕೀಲು ಬದಲಿಸದೆ ನಿಂತಿರುತ್ತವೆ. ಆ ಲೆಕ್ಕ ಹಳೆಯ ಕೀಲುಗಳದ್ದು. ಈ ಸಂಖ್ಯೆಯನ್ನು ಹಾಳೆಯ ಮೇಲೆ ಬರೆದು ದಿಂಬಿನಡಿ ಇಟ್ಟುಕೊಂಡಿದ್ದೆ.

ಗಂಡ ಹೆಂಡತಿ ಜೊತೆಗಿರುವುದು?

ಕೇಳಲು ಎಲ್ಲರಿಗೂ ಸಂಕೋಚ. ಸಾಮಾನ್ಯವಾಗಿ ಆರು ವಾರದ ಮೇಲೆ, ನೋವಿಲ್ಲದಿದ್ದರೆ, ಮೇಲಿನ ಕಟ್ಟುಪಾಡು ಮೀರದ ಭಂಗಿಯಲ್ಲಿ ತೊಂದರೆಯಿಲ್ಲ. ಡಾಕ್ಟರನ್ನು ನೇರವಾಗಿ ಕೇಳಿ.

ಪ್ರಯಾಣ?

ಕಾರಿನಲ್ಲಿ ಮುಂದಿನ ಸೀಟನ್ನು ಹಿಂದಕ್ಕೆ ಸರಿಸಿ, ತುಸು ಒರಗಿಸಿ, ಮೇಲೆ ಗಟ್ಟಿ ದಿಂಬು ಹಾಕಿ. ಮೊದಲು ಕೂತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಗೊಳ್ಳಿ. ಆಟೋ, ಬಸ್ಸು ಆರು ವಾರದವರೆಗೆ ಬೇಡ. ಗಾಡಿ ಓಡಿಸುವುದೂ ಅಷ್ಟೇ. ದೂರದ ಪ್ರಯಾಣದಲ್ಲಿ ಗಂಟೆಗೊಮ್ಮೆ ಇಳಿದು ನಡೆಯಿರಿ. ವಿಮಾನ ನಿಲ್ದಾಣದಲ್ಲಿ ಮಿಷನ್ ಕೂಗುತ್ತದೆ, ಗಾಬರಿ ಬೇಡ. ಮುಂದೆ ಹಲ್ಲಿನ ಚಿಕಿತ್ಸೆಗೆ ಹೋದಾಗಲೂ ಕೀಲು ಬದಲಿಸಿರುವುದನ್ನು ಮೊದಲೇ ಹೇಳಿ.

ನೋಡಿಕೊಳ್ಳುವವರಿಗೆ ಏನು ಹೇಳುತ್ತೀರಿ?

ನೀವೂ ಮಲಗಬೇಕು. ರಾತ್ರಿ ಪಾಳಿ ಹಂಚಿಕೊಳ್ಳಿ, ಒಬ್ಬರೇ ಹದಿನೈದು ರಾತ್ರಿ ಎಚ್ಚರವಿರಬೇಡಿ. ಮಾತ್ರೆಯ ಹೊತ್ತು, ನಿದ್ದೆಯ ಹೊತ್ತು, ನೋವು ಹತ್ತಕ್ಕೆ ಎಷ್ಟು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಡಾಕ್ಟರ ಮುಂದೆ ಅದು ನೂರು ಮಾತಿಗೆ ಸಮ. ನಮ್ಮ ಯಜಮಾನರು ಬರೆದ ಪುಸ್ತಕ ಇನ್ನೂ ಇದೆ. 43ನೇ ದಿನದ ಸಾಲಿನಲ್ಲಿ ಅವರ ಕೈಬರಹದಲ್ಲಿ ಇಷ್ಟೇ ಇದೆ: "ರಾತ್ರಿ ಲೋಟ ಬಡಿಯಲಿಲ್ಲ. ನಾನೇ ಎದ್ದು ನೋಡಿದೆ. ಗೊರಕೆ."